ರಜೆಯಮ್ಮನ ಏಳನೆಯ ಕಾರ್ಡು

ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರೆ. ಆದರೆ ಆ ವಿಶ್ವವಿದ್ಯಾಲಯದಲ್ಲಿ ಆಡನ್ನು ಮುಟ್ಟಬೇಕಾದರೆ ಮೊದಲು ಒಬ್ಬ ಹೆಂಗಸನ್ನು ಕೇಳಬೇಕಿತ್ತು. ‘ವ್ಯವಸ್ಥಾಪಕಿ, ಪ್ರಾಣಿ ಪಾಲನಾ ಘಟಕ’ ಎಂದು ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದರೂ ಹಾಗೆ ಕರೆದವರು ಯಾರೂ ಇಲ್ಲ. ಹುಡುಗ ಹುಡುಗಿಯರ ಬಾಯಲ್ಲಿ ಆಕೆ ರಜೆಯಮ್ಮ. ಮನುಷ್ಯರಿಗೆ ರಜೆ ಕೊಡುವ ಅಧಿಕಾರ ಆಕೆಗಿರಲಿಲ್ಲ. ಆಡುಗಳಿಗೆ ಕೊಡುತ್ತಿದ್ದಳು.

ಕಟ್ಟಡ ಒಂದೇ ಅಂತಸ್ತಿನದು, ರೈಲು ಬೋಗಿಯ ಹಾಗೆ ಉದ್ದಕ್ಕೆ. ಮುಂದೆ ಇಲಿಗಳ ಎರಡು ಕೋಣೆ, ನಡುವೆ ಮೊಲಗಳದ್ದು, ಹಿಂದೆ ಆರು ಆಡುಗಳ ಕೊಟ್ಟಿಗೆ. ಒಂದೊಂದು ಬಾಗಿಲಲ್ಲೂ ಔಷಧಿ ನೀರಿನ ತೊಟ್ಟಿ. ಬೂಟು ಅದ್ದದೆ ದಾಟಿದವರು ಎಂಥ ದೊಡ್ಡ ಕುರ್ಚಿಯವರೇ ಆಗಲಿ, ಮತ್ತೆ ಹೊರಗೆ ಹೋಗಿ ಅದ್ದಿ ಬರಬೇಕು. ಒಮ್ಮೆ ಕುಲಪತಿಗಳು ಹೊಸ ಚರ್ಮದ ಬೂಟು ಹಾಕಿಕೊಂಡು ಬಂದು, ಮುಖ ಹುಳ್ಳಗೆ ಮಾಡಿಕೊಂಡು ಕಾಲು ಅದ್ದಿದ್ದನ್ನು ದೊಡ್ಡಪ್ಪ ಇವತ್ತಿಗೂ ಹೇಳಿಕೊಂಡು ನಗುತ್ತಾನೆ. ದೊಡ್ಡಪ್ಪ ಅಂದರೆ ಆಕೆಯ ದೊಡ್ಡಪ್ಪನಲ್ಲ, ಕೊಟ್ಟಿಗೆ ತೊಳೆದು ಮೇವು ಹಾಕುವ ಮುದುಕ. ಮೂವತ್ತು ವರ್ಷದಿಂದ ಅಲ್ಲೇ ಇರುವುದರಿಂದ ಊರಿಗೆಲ್ಲ ದೊಡ್ಡಪ್ಪ. ಕಿವಿ ಮಂದ. ಎಷ್ಟು ಮಂದ ಅನ್ನುವುದು ಎದುರಿಗಿದ್ದವರು ಏನು ಹೇಳುತ್ತಿದ್ದಾರೆ ಅನ್ನುವುದರ ಮೇಲೆ ಹೋಗುತ್ತಿತ್ತು.

ಆಡುಗಳು ಇದ್ದದ್ದು ಪಾಠಕ್ಕೆ. ಪ್ರಾಣಿ ವೈದ್ಯ ಓದುವವರು ಕುತ್ತಿಗೆಯ ರಕ್ತನಾಳ ಹುಡುಕಿ, ಸೂಜಿ ಚುಚ್ಚಿ, ರಕ್ತ ತೆಗೆಯುವುದನ್ನು ಅವುಗಳ ಮೇಲೆ ಕಲಿಯುತ್ತಿದ್ದರು. ಒಂದು ಸಲ ತರಗತಿಗೆ ಬಂದ ಆಡಿಗೆ ಹದಿನಾಲ್ಕು ದಿನ ವಿಶ್ರಾಂತಿ ಕೊಡಬೇಕೆಂದು ಹೊರಗಿನ ಪ್ರಾಣಿ ಸಮಿತಿಯ ನಿಯಮವಿತ್ತು. ನಿಯಮ ಕಡತದಲ್ಲಿತ್ತು, ಕಡತ ಬೀರುವಿನಲ್ಲಿತ್ತು, ಬೀರುವಿನ ಬೀಗದ ಕೈ ಎಲ್ಲಿದೆಯೋ ಯಾರಿಗೂ ಗೊತ್ತಿರಲಿಲ್ಲ. ವಿಭಾಗದ ಹಿಂದಿನ ಮುಖ್ಯಸ್ಥರ ಕಾಲದಲ್ಲಿ ಒಂದೇ ವಾರ ಮೂರು ತಂಡಗಳು ಒಂದು ಬಿಳಿ ಆಡಿನ ಕುತ್ತಿಗೆಗೆ ಚುಚ್ಚಿದ್ದವು. ನಾಲ್ಕನೆಯ ತಂಡದ ಮುಂದೆ ಅದು ಮಂಡಿಯೂರಿತು, ಮತ್ತೆ ಏಳಲಿಲ್ಲ. ಆಗಿನ್ನೂ ಪಂಜರ ತೊಳೆಯುವ ಕೆಲಸದಲ್ಲಿದ್ದ ಆಕೆ ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ‘ಆಡು ತಾನೆ, ಇನ್ನೊಂದು ತರಿಸೋಣ’ ಅಂದರು ಮುಖ್ಯಸ್ಥರು. ಆ ಮಾತು ಆಕೆಯ ಹೊಟ್ಟೆಯಲ್ಲಿ ಇಟ್ಟ ಬೆಂಕಿ ಇಪ್ಪತ್ತು ವರ್ಷವಾದರೂ ಆರಿರಲಿಲ್ಲ.

ವ್ಯವಸ್ಥಾಪಕಿಯಾದ ಮೊದಲ ದಿನವೇ ಆಕೆ ದಪ್ಪ ರಟ್ಟು ಕತ್ತರಿಸಿ ಆರು ಕಾರ್ಡು ಮಾಡಿದಳು. ಒಂದು ಮುಖ ಹಸಿರು, ಇನ್ನೊಂದು ಮುಖ ಕೆಂಪು. ತರಗತಿ ಮುಗಿಸಿ ಬಂದ ಆಡಿನ ಗೇಟಿನ ಮೇಲೆ ಕಾರ್ಡು ಕೆಂಪಿಗೆ ತಿರುಗುತ್ತಿತ್ತು, ಅದರ ಮೇಲೆ ರಜೆ ಮುಗಿಯುವ ತಾರೀಖು. ಜೊತೆಗೆ ಒಂದು ದಪ್ಪ ಪುಸ್ತಕ: ಯಾವ ಆಡು, ಯಾರು ಮುಟ್ಟಿದರು, ಎಷ್ಟು ಸಲ ಚುಚ್ಚಿದರು, ಕೆಳಗೆ ಸಹಿ. ಒಬ್ಬರಿಗೆ ಮೂರೇ ಸಲ, ನಾಲ್ಕನೆಯದು ಇಲ್ಲ. ಪ್ರತಿ ಬೆಳಗ್ಗೆ ಏಳಕ್ಕೆ ಆರೂ ಕುತ್ತಿಗೆಗಳನ್ನು ಬೆರಳಿನಿಂದ ಸವರಿ, ಅದನ್ನೂ ಬರೆಯುತ್ತಿದ್ದಳು. ಕಾರ್ಡು ತಿರುಗಿಸುವ ಕೈ ಒಂದೇ, ಅದು ಆಕೆಯದು.

ಈಗಿನ ಮುಖ್ಯಸ್ಥರಿಗೆ ಹುಡುಗರು ಇಟ್ಟ ಹೆಸರು ಅಡ್ಜಸ್ಟ್ ಸಾರ್. ಕೆಟ್ಟವರೇನಲ್ಲ. ಮೇಲಿನವರಿಗೆ ಇಲ್ಲ ಅನ್ನಲು ಬರುತ್ತಿರಲಿಲ್ಲ, ಅಷ್ಟೇ. ಅವರು ಕೇಳಿದ್ದಕ್ಕೆಲ್ಲ ಹೂಂ ಅಂದು ಬಂದು, ಕೆಳಗಿನವರ ಹತ್ತಿರ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಅನ್ನುವರು. ಒಂದು ಶುಕ್ರವಾರ ಹಾಗೇ ಕೊಟ್ಟಿಗೆಯ ಬಾಗಿಲಿಗೆ ಬಂದರು. ಬೂಟು ಅದ್ದುವ ಕಷ್ಟ ಬೇಡವೆಂದು ಹೊರಗೇ ನಿಂತರು.

"ಸಮಿತಿಯವರು ಮುಂದಿನ ತಿಂಗಳು ಬರಬೇಕಿತ್ತಲ್ಲ, ಈ ಬುಧವಾರವೇ ಬರ್ತಾರಂತೆ. ಕೊನೆ ವರ್ಷದವರು ರಕ್ತ ತೆಗೆಯೋದನ್ನ ಅವರ ಮುಂದೆ ತೋರಿಸ್ತೀವಿ ಅಂತ ಒಪ್ಕೊಂಡಿದೀನಿ."

"ಆರೂ ಆಡಿಗೆ ನಿನ್ನೆ ತಾನೆ ತರಗತಿ ಆಗಿದೆ ಸಾರ್. ಆರೂ ರಜೆಯಲ್ಲಿವೆ."

"ಗೊತ್ತು, ಗೊತ್ತು. ಒಂದು ದಿನದ ಮಟ್ಟಿಗೆ ಕಾರ್ಡು ಆ ಕಡೆ ತಿರುಗಿಸಿ, ಅವರು ಹೋದ ಮೇಲೆ ಈ ಕಡೆ ತಿರುಗಿಸಿ. ಆಡೇನು ಕಾರ್ಡು ಓದುತ್ತಾ?"

"ಆಡು ಓದಲ್ಲ ಅಂತಾನೇ ನಾನು ಓದ್ತೀನಿ ಸಾರ್."

ಅವರು ನಕ್ಕರು. ಹೋಗುವಾಗ ತಿರುಗಿ, ಏನೋ ಈಗ ನೆನಪಾದವರಂತೆ, "ನಿಮ್ಮ ಮುಂದುವರಿಕೆ ಕಾಗದ ನನ್ನ ಮೇಜಿನ ಮೇಲೇ ಇದೆ. ಇನ್ನೊಂದು ತಿಂಗಳಿಗೆ ಮೂರು ವರ್ಷ ಮುಗಿಯುತ್ತೆ ಅಲ್ವಾ?" ಅಂದರು.

ಮುಗಿಯುತ್ತಿತ್ತು. ಆಕೆಯ ಕೆಲಸ ಮೂರು ಮೂರು ವರ್ಷದ್ದು, ಮುಖ್ಯಸ್ಥರ ಸಹಿ ಬಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಆಕೆ ಹೋದರೆ ಆ ಜಾಗಕ್ಕೆ ಹೂಂ ಅನ್ನುವವರು ಯಾರೋ ಬರುತ್ತಾರೆ. ಆಮೇಲೆ ಆ ಆರು ಕಾರ್ಡುಗಳು ಬರೀ ಬಣ್ಣ ಬಳಿದ ರಟ್ಟು. ಬಿಳಿ ಆಡಿನ ತಲೆಯ ಭಾರ ಆಕೆಯ ತೊಡೆಗೆ ಇನ್ನೂ ನೆನಪಿತ್ತು.

ಸೋಮವಾರ ಬೆಳಗ್ಗೆ ಏಳಕ್ಕೆ ಕೊಟ್ಟಿಗೆಗೆ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಐದು ಕಾರ್ಡು ಕೆಂಪಗಿದ್ದವು. ಆರನೆಯದು, ಸಾಧಮ್ಮನದು, ಹಸಿರಾಗಿತ್ತು. ಸಾಧಮ್ಮ ಹೆಸರಿಗೆ ತಕ್ಕ ಆಡು. ಕಿವಿ ಹಿಡಿದರೂ ಸುಮ್ಮನೆ ನಿಲ್ಲುತ್ತಿತ್ತು. ಅವತ್ತು ಆಕೆಯ ಕೈ ಕುತ್ತಿಗೆಯ ಹತ್ತಿರ ಹೋದದ್ದೇ ತಡ, ಹಿಂದೆ ಸರಿದು ಗೋಡೆಗೆ ಒತ್ತಿಕೊಂಡಿತು. ಎಡಗಡೆ ನಿಂಬೆಹಣ್ಣಿನ ಗಾತ್ರದ ಊತ. ಕೂದಲು ಸರಿಸಿ ನೋಡಿದಳು. ಸೂಜಿಯ ತೂತು ಒಂದಲ್ಲ, ಎರಡಲ್ಲ, ಐದು.

ದೊಡ್ಡಪ್ಪ ಹಿಂದಿನ ಸಂಜೆ ಮೇವು ಹಾಕಲು ಬಂದಿದ್ದ. "ಕಾರ್ಡು ಹಸಿರಿತ್ತಮ್ಮಾ. ಹಸಿರಿದ್ರೆ ನೀವೇ ತಿರುಗಿಸಿರ್ತೀರ ಅಂತ ಸುಮ್ಮನಾದೆ," ಅಂದ. ಆತನ ತಪ್ಪೇನೂ ಇರಲಿಲ್ಲ. ಕಾರ್ಡನ್ನು ನಂಬು ಎಂದು ಕಲಿಸಿದವಳೇ ಆಕೆ.

ಕೊಟ್ಟಿಗೆಗೆ ಮೂರು ಬೀಗದ ಕೈ. ಒಂದು ದೊಡ್ಡಪ್ಪನ ಸೊಂಟದಲ್ಲಿ. ಒಂದು ಆಕೆಯ ಗೊಂಚಲಿನಲ್ಲಿ, ಅದು ಭಾನುವಾರ ಬೆಳಗ್ಗೆ ಕೊಟ್ಟಿಗೆ ನೋಡಿ ಬಂದ ಮೇಲೆ ಮನೆಯ ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿತ್ತು. ಮೂರನೆಯದು ಅಡ್ಜಸ್ಟ್ ಸಾರ್ ಮೇಜಿನ ಡ್ರಾಯರಿನಲ್ಲಿ. ಲೆಕ್ಕ ಹಾಕಲು ಬಹಳ ಬುದ್ಧಿ ಬೇಕಿರಲಿಲ್ಲ, ಆಕೆ ಅಷ್ಟನ್ನೂ ಉಪಯೋಗಿಸಲಿಲ್ಲ. ಗಂಬೂಟಿನಲ್ಲೇ ಮೆಟ್ಟಿಲು ಹತ್ತಿ, ಇಬ್ಬರು ಉಪನ್ಯಾಸಕರ ಜೊತೆ ಕಾಫಿ ಕುಡಿಯುತ್ತಿದ್ದ ಮುಖ್ಯಸ್ಥರ ಮುಂದೆ ನಿಂತಳು.

"ಬುಧವಾರದ ತನಕ ತಡೀಲಿಲ್ವಾ ಸಾರ್? ನಿನ್ನೆಯೇ ಯಾರಿಗೆ ತೆಗೆದು ಕೊಟ್ರಿ ಕೊಟ್ಟಿಗೆ ಬಾಗಿಲು?"

ಅಡ್ಜಸ್ಟ್ ಸಾರ್ ಕಪ್ಪು ಕೆಳಗಿಟ್ಟರು. ಡ್ರಾಯರ್ ಎಳೆದು ಅರಗು ಹಾಕಿದ ಲಕೋಟೆ ತೆಗೆದು ಮೇಜಿನ ಮೇಲೆ ಇಟ್ಟರು. ಬೀಗದ ಕೈ ಅದರೊಳಗಿತ್ತು, ಅರಗು ಹಾಗೇ ಇತ್ತು. "ನಾನು ಶನಿವಾರ, ಭಾನುವಾರ ತಂಗಿ ಮನೆಯಲ್ಲಿದ್ದೆ," ಅಂದರು. ಉಪನ್ಯಾಸಕರಿಬ್ಬರೂ ಕಿಟಕಿಯ ಹೊರಗೆ ಬಹಳ ಆಸಕ್ತಿಯಿಂದ ನೋಡತೊಡಗಿದರು. ಆಕೆಯ ಗಂಬೂಟಿನಿಂದ ಔಷಧಿ ನೀರು ಅವರ ನೆಲಹಾಸಿನ ಮೇಲೆ ಇಳಿಯುತ್ತಿತ್ತು.

ಸಂಜೆ ಮನೆಯಲ್ಲಿ ಆಕೆ ನಡೆದದ್ದನ್ನೆಲ್ಲ ಗಂಡನಿಗೆ ಹೇಳಿದಳು. ಗಂಡ ಬಸ್ ಕಂಡಕ್ಟರ್. ಕಾಲು ಚಾಚಿ ಕೂತು ಪಾದ ತಿಕ್ಕಿಕೊಳ್ಳುತ್ತಿದ್ದ. ಮಗಳು ಅಡುಗೆಮನೆಯ ಹೊಸಿಲಲ್ಲಿ ಕೂತು ತನ್ನ ಬಿಳಿ ಕೋಟಿಗೆ ಗುಂಡಿ ಹೊಲಿಯುತ್ತಿದ್ದಳು. ಮಗಳೂ ಅದೇ ವಿಶ್ವವಿದ್ಯಾಲಯ, ಪ್ರಾಣಿ ವೈದ್ಯದ ಕೊನೆಯ ವರ್ಷ. ಗುರುವಾರದ ತರಗತಿಯಲ್ಲಿ ಅವಳ ಕೈ ನಡುಗಿ ಮೂರು ಸಲವೂ ನಾಳ ಸಿಕ್ಕಿರಲಿಲ್ಲ, ಹಿಂದಿನ ಸಾಲಿನವರು ಕಿಸಕ್ಕೆಂದಿದ್ದರು. ಮೂರಾದ ಕೂಡಲೇ ಆಕೆ ಬೇರೆಯವರಿಗೆ ಹೇಳುವಂತೆಯೇ ಮಗಳಿಗೂ ‘ಸಾಕು’ ಅಂದು ಆಡನ್ನು ಕರೆದುಕೊಂಡು ಹೋಗಿದ್ದಳು.

"ಲಕೋಟೆ ಅರಗು ನೋಡಿ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು," ಅಂದಳು ಆಕೆ. "ಆದ್ರೂ ಬಿಡಲ್ಲ. ಯಾರು ಅಂತ ಗೊತ್ತಾಗೋ ತನಕ ಬಿಡಲ್ಲ. ಐದು ತೂತು ರೀ. ಆ ಮೂಕಪ್ರಾಣಿ ನನ್ನ ಕೈಗೇ ಹೆದರ್ತಿದೆ."

ಮಗಳ ಕೈಯಲ್ಲಿದ್ದ ಸೂಜಿ ನಿಂತಿತು. "ಆರು," ಅಂದಳು.

"ಏನು?"

"ಐದಲ್ಲಮ್ಮ, ಆರು. ಒಂದು ಕೂದಲ ಒಳಗಿದೆ."

ಆಮೇಲೆ ಎಲ್ಲವೂ ಹೊರಗೆ ಬಂತು. ಪ್ರಾಯೋಗಿಕ ಪರೀಕ್ಷೆಗೆ ಇನ್ನು ಮೂರು ವಾರ. ‘ಅಮ್ಮ ವ್ಯವಸ್ಥಾಪಕಿ, ಮಗಳಿಗೆ ನಾಳ ಸಿಗಲ್ಲ’ ಎಂದು ಗೆಳತಿಯರು ಆಡಿಕೊಂಡಿದ್ದರು. ಭಾನುವಾರ ಮಧ್ಯಾಹ್ನ ಅಮ್ಮ ಮಲಗಿದ್ದಾಗ ಮೊಳೆಯಿಂದ ಗೊಂಚಲು ತೆಗೆದುಕೊಂಡು ಹೋದಳು. ಸಾಧಮ್ಮ ಅಲುಗಾಡುವುದಿಲ್ಲ ಎಂದು ಅದನ್ನೇ ಆರಿಸಿಕೊಂಡಳು. ನಡುವೆ ದೊಡ್ಡಪ್ಪ ಬಂದರೆ ಕೇಳದಿರಲಿ ಎಂದು ಕಾರ್ಡು ಹಸಿರಿಗೆ ತಿರುಗಿಸಿದಳು. ಆರನೆಯ ಸಲ ಚುಚ್ಚಿ ಊತ ಎದ್ದಾಗ ಹೆದರಿ ಓಡಿ ಬಂದಳು, ಕಾರ್ಡು ಮತ್ತೆ ತಿರುಗಿಸುವುದನ್ನು ಮರೆತಳು.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಆಕೆಗೆ ಕೋಪಕ್ಕಿಂತ ಮೊದಲು ನಾಚಿಕೆ ಬಂತು, ಅದರ ಹಿಂದೆಯೇ ಮಗಳ ಮೇಲೆ ಅಯ್ಯೋ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಕೋಪ ಇಮ್ಮಡಿಯಾಯಿತು.

"ನಾಳೆ ಪುಸ್ತಕದಲ್ಲಿ ಬರೀತೀನಿ," ಅಂದಳು.

"ಅಮ್ಮ, ಬರೆದ್ರೆ ನನ್ನ ಪರೀಕ್ಷೆಗೆ ಕೂರಿಸಲ್ಲ."

"ಗೊತ್ತು."

ಗಂಡ ಪಾದ ತಿಕ್ಕುವುದನ್ನು ಬಿಟ್ಟ. "ಮಗಳು ಕಣೇ ಅವಳು. ತಿಳೀದೆ ಮಾಡಿದಾಳೆ. ಒಂದ್ಸಲ ನೋಡೂ ನೋಡದ ಹಾಗೆ ಇರಬಾರದಾ?"

"ಮದುವೆಯಾದ ಹೊಸದರಲ್ಲಿ ನಮ್ಮಪ್ಪ ನಿಮ್ಮ ಬಸ್ಸು ಹತ್ತಿದಾಗ ಟಿಕೆಟ್ ಹರಿದು ಕೈಗೆ ಕೊಟ್ರಲ್ಲ, ಮಾವ ಅಂತ ನೋಡಿದ್ರಾ? ಆರು ತಿಂಗಳು ಮಾತು ಬಿಟ್ರು ಅವರು. ಆಗ ನೀವೇನಂದ್ರಿ?"

ಗಂಡ ಮತ್ತೆ ಪಾದ ತಿಕ್ಕತೊಡಗಿದ. "ಬಸ್ಸು ನಮ್ಮಪ್ಪಂದಲ್ಲ ಅಂದಿದ್ದೆ," ಎಂದು ಗೊಣಗಿದ.

"ಕೊಟ್ಟಿಗೇನೂ ನಮ್ಮಪ್ಪಂದಲ್ಲ."

ಅವತ್ತು ಆ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಮಂಗಳವಾರ ಬೆಳಗ್ಗೆ ಪುಸ್ತಕ ತೆರೆದಳು. ಆಡು: ಸಾಧಮ್ಮ. ದಿನ: ಭಾನುವಾರ, ರಜೆಯ ಮೂರನೆಯ ದಿನ. ಚುಚ್ಚಿದ್ದು: ಆರು ಸಲ. ಯಾರು ಅನ್ನುವ ಜಾಗದಲ್ಲಿ ಮಗಳ ಪೂರ್ತಿ ಹೆಸರು ಬರೆದು, ಪಕ್ಕದಲ್ಲಿ ‘ನನ್ನ ಮಗಳು’ ಎಂದು ಸೇರಿಸಿದಳು. ಬೀಗದ ಕೈ ಯಾರದು ಅನ್ನುವ ಜಾಗ ಪುಸ್ತಕದಲ್ಲಿ ಇರಲಿಲ್ಲ. ಗೆರೆ ಎಳೆದು ಅದನ್ನೂ ಮಾಡಿ, ‘ನನ್ನದು. ಮೊಳೆಗೆ ತೂಗುಹಾಕಿದ್ದು ನನ್ನ ತಪ್ಪು’ ಎಂದು ಬರೆದಳು. ಸಾಧಮ್ಮನ ಕಾರ್ಡಿನ ಮೇಲೆ ರಜೆಯನ್ನು ಭಾನುವಾರದಿಂದ ಹೊಸದಾಗಿ ಎಣಿಸಿ ತಾರೀಖು ಹಾಕಿದಳು. ಪುಸ್ತಕ ಕಂಕುಳಲ್ಲಿಟ್ಟುಕೊಂಡು ಮುಖ್ಯಸ್ಥರಲ್ಲಿಗೆ ಹೋದಳು, ಈ ಸಲ ಚಪ್ಪಲಿ ಹಾಕಿಕೊಂಡು.

"ನಿನ್ನೆ ನಿಮ್ಮ ಮೇಲೆ ಸುಮ್ಮನೆ ಕೂಗಾಡಿದೆ ಸಾರ್. ತಪ್ಪಾಯ್ತು. ಇಲ್ಲಿ ಬರೆದಿದೀನಿ, ನೋಡಿ."

ಅಡ್ಜಸ್ಟ್ ಸಾರ್ ಓದಿದರು. ಎದ್ದು ಹೋಗಿ ಬಾಗಿಲು ಹಾಕಿ ಬಂದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಬಿಡುಗಡೆಯಿತ್ತು.

"ಕೂತ್ಕೊಳ್ಳಿ. ಮಕ್ಕಳು ಮಾಡೋದೇ ಹಾಗೆ, ನನಗೂ ಮಕ್ಕಳಿದಾರೆ. ಇದು ಸಮಿತಿ ಕಣ್ಣಿಗೆ ಬಿದ್ರೆ ಹುಡುಗಿ ಆರು ತಿಂಗಳು ಹೊರಗೆ. ಬೀಳಲೇಬೇಕು ಅಂತೇನಿಲ್ಲ. ಒಂದು ಪುಟ ತಾನೆ." ಹಾಳೆಯ ಅಂಚನ್ನು ಬೆರಳಲ್ಲಿ ಹಿಡಿದರು. "ನಾನು ಈ ಪುಟ ನೋಡಿಲ್ಲ. ನೀವು ನಾಳೆ ಆ ಕಾರ್ಡುಗಳನ್ನ ನೋಡಿಲ್ಲ. ನಿಮ್ಮ ಮುಂದುವರಿಕೆ ಕಾಗದಕ್ಕೆ ಇವತ್ತೇ ಸಹಿ ಹಾಕ್ತೀನಿ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

ಆಕೆ ಆ ಬೆರಳನ್ನು ನೋಡಿದಳು. ಎಷ್ಟು ಸುಲಭ. ಪರ್ರ್ ಎಂದು ಒಂದು ಸದ್ದು, ಮಗಳು ಪರೀಕ್ಷೆಗೆ ಕೂರುತ್ತಾಳೆ, ತಾನು ಇನ್ನು ಮೂರು ವರ್ಷ ಇಲ್ಲಿರುತ್ತಾಳೆ. ಆಸೆಯಾಗಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಬಹಳ ಆಸೆಯಾಯಿತು.

ಆಮೇಲೆ ಕೈ ಚಾಚಿ ಪುಸ್ತಕವನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡಳು.

"ಸಾಯೋದು ಹಾವೂ ಅಲ್ಲ, ಮುರಿಯೋದು ಕೋಲೂ ಅಲ್ಲ ಸಾರ್. ಸಾಯೋದು ಆಡು. ಒಂದನ್ನ ನಾನು ನೋಡಿದೀನಿ."

"ಮಗಳ ಭವಿಷ್ಯ..."

"ಮಗಳಿಗೆ ನಾನು ಹೇಳ್ಕೊತೀನಿ. ಪುಟ ಹರಿಯಲ್ಲ, ಕಾರ್ಡು ತಿರುಗಲ್ಲ."

ಬುಧವಾರ ಹನ್ನೊಂದಕ್ಕೆ ಸಮಿತಿಯವರು ಬಂದರು. ಇಬ್ಬರು ಗಂಡಸರು, ಅವರ ಮುಂದೆ ಒಬ್ಬ ಗಿಡ್ಡ ಹೆಂಗಸು, ತಲೆ ಪೂರ್ತಿ ಬೆಳ್ಳಗಾದವರು. ಅವರೇ ಅಧ್ಯಕ್ಷೆ. ಯಾರೂ ಹೇಳದೆಯೇ ಬೂಟು ಅದ್ದಿ ಒಳಗೆ ಬಂದರು, ಅದನ್ನು ನೋಡಿ ರಜೆಯಮ್ಮನ ಎದೆ ಸ್ವಲ್ಪ ಹಗುರವಾಯಿತು. ಇಲಿಗಳ ಕೋಣೆಯಲ್ಲಿ ಅವರು ಗಾಳಿ ಯಂತ್ರದ ಮುಂದೆ ಕೈ ಇಟ್ಟು ನೋಡಿದರು, ಪಂಜರದ ತಳದ ಹೊಟ್ಟನ್ನು ಮೂಸಿ ನೋಡಿದರು. ಮೊಲಗಳ ಕೋಣೆಯಲ್ಲಿ ಒಂದು ಮೊಲದ ಉಗುರು ಎಣಿಸಿದಂತೆ ನೋಡಿದರು. ಇಷ್ಟಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅಡ್ಜಸ್ಟ್ ಸಾರ್ ಜೊತೆಯಲ್ಲಿರಲಿಲ್ಲ.

ಕೊಟ್ಟಿಗೆಯಲ್ಲಿ ಇಪ್ಪತ್ತು ಮಂದಿ ವಿದ್ಯಾರ್ಥಿಗಳು ಬಿಳಿ ಕೋಟು ಹಾಕಿಕೊಂಡು ಸಾಲಾಗಿ ನಿಂತಿದ್ದರು. ತಟ್ಟೆಗಳಲ್ಲಿ ಸೂಜಿ, ಹತ್ತಿ, ಕೊಳವೆ. ಮುಂದೆ ಅಡ್ಜಸ್ಟ್ ಸಾರ್ ನಗುತ್ತ ನಿಂತಿದ್ದರು. ಅವರ ಹಿಂದೆ ಆರು ಗೇಟು, ಆರು ಕಾರ್ಡು. ಆರೂ ಹಸಿರು.

ಅರಗು ಹಾಕಿದ ಲಕೋಟೆ ಕಡೆಗೂ ಒಡೆದಿತ್ತು.

ರಜೆಯಮ್ಮ ನೇರ ಹೋಗಿ ಮೊದಲನೆಯ ಕಾರ್ಡು ತಿರುಗಿಸಿದಳು. ಟಕ್. ಎರಡನೆಯದು. ಟಕ್. ಇಪ್ಪತ್ತು ತಲೆಗಳು ಆಕೆಯ ಜೊತೆ ಜೊತೆಗೇ ತಿರುಗಿದವು.

"ಏನ್ ಮಾಡ್ತಿದೀರಿ?" ಅಂದರು ಅಡ್ಜಸ್ಟ್ ಸಾರ್, ನಗು ಇನ್ನೂ ತುಟಿಯ ಮೇಲಿರುವಾಗಲೇ.

"ನನ್ನ ಕೆಲಸ ಸಾರ್."

ಆರನೆಯದನ್ನೂ ತಿರುಗಿಸಿ ಅಧ್ಯಕ್ಷೆಯ ಕಡೆ ನೋಡಿದಳು. "ಇವು ರಜೆಯಲ್ಲಿವೆ ಮೇಡಂ. ಕಾರ್ಡು ತಿರುಗಿಸಿದ್ದು ನಾನಲ್ಲ, ಆಡುಗಳಂತೂ ಅಲ್ಲ. ಇವತ್ತು ಇವುಗಳಿಗೆ ಸೂಜಿ ತಾಗಿಸೋಕೆ ನಾನು ಬಿಡಲ್ಲ. ಮಿಕ್ಕಿದ್ದು ಇದರಲ್ಲಿದೆ." ಪುಸ್ತಕ ತೆರೆದು ಕೊಟ್ಟಳು. ತೆರೆದದ್ದು ಮಂಗಳವಾರದ ಪುಟವನ್ನೇ.

ಅಧ್ಯಕ್ಷೆ ಕನ್ನಡಕ ಏರಿಸಿ ಓದಿದರು. ಎರಡು ಸಲ ಓದಿದರು. "ಈ ಹುಡುಗಿ ನಿಮ್ಮ ಮಗಳಾ?"

"ಹೌದು."

"ಬರೆದಿದ್ದು?"

"ನಾನೇ."

ಅಡ್ಜಸ್ಟ್ ಸಾರ್‌ಗೆ ಅಲ್ಲೊಂದು ಸಂದು ಕಂಡಿತು. "ಅದನ್ನೇ ನಾನೂ ಹೇಳಬೇಕು ಅಂತಿದ್ದೆ ಮೇಡಂ. ಇವರ ಮನೆಯವರೇ ನಿಯಮ ಮುರಿದಿದಾರೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ."

"ಹೌದು ಸಾರ್, ಬೇಲಿ ಮೇಯ್ದಿದೆ," ಅಂದಳು ರಜೆಯಮ್ಮ. "ಅದಕ್ಕೆ ಬೇಲಿ ಕಿತ್ತುಹಾಕಿ ಹೊಲಾನೆಲ್ಲ ಮೇಯಿಸಿಬಿಡೋಣ ಅಂತೀರಾ?"

ಹಿಂದಿನ ಸಾಲಿನಲ್ಲಿ ಯಾರೋ ನಕ್ಕು ಕೆಮ್ಮಿದರು. ಆಗ ಬಿಳಿ ಕೋಟುಗಳ ನಡುವಿನಿಂದ ಮಗಳು ಮುಂದೆ ಬಂದಳು. ಅವಳ ಕೋಟಿನ ಮೇಲಿನ ಗುಂಡಿ ಇನ್ನೂ ಅರ್ಧ ಹೊಲಿದಂತೆಯೇ ಇತ್ತು. ಎರಡು ದಿನದಿಂದ ಅಮ್ಮನ ಜೊತೆ ಮಾತು ಬಿಟ್ಟಿದ್ದವಳು.

"ಆ ಹೆಸರು ನಂದು ಮೇಡಂ."

ಅಧ್ಯಕ್ಷೆ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಎಲ್ಲಿ ಚುಚ್ಚಿದೆ, ತೋರಿಸು."

ಮಗಳು ಸಾಧಮ್ಮನ ಗೇಟು ತೆಗೆದಳು. ಆಡು ಹಿಂದೆ ಸರಿಯಿತು. ಮಗಳು ಅಲ್ಲೇ ಹುಲ್ಲಿನ ಮೇಲೆ ಕೂತು, ಕೈ ಚಾಚದೆ ಕಾದಳು. ಎಲ್ಲರೂ ಕಾದರು. ಆಡು ತಾನಾಗಿಯೇ ಒಂದೊಂದೇ ಹೆಜ್ಜೆ ಇಟ್ಟು ಬಂದು ಅವಳ ತೋಳು ಮೂಸಿದ ಮೇಲೆ, ಅವಳು ಊದಿದ ಜಾಗ ತೋರಿಸಿದಳು. ಅವಳ ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳಲಿಲ್ಲ.

"ಆ ಕಡೆ ಬಿಡು. ಬಲಗಡೆ ಹೆಬ್ಬೆರಳಲ್ಲಿ ಒತ್ತಿ ನಾಳ ಹುಡುಕು. ಸೂಜಿ ಬೇಡ," ಅಂದ ಅಧ್ಯಕ್ಷೆ ರಜೆಯಮ್ಮನ ಕಡೆ ತಿರುಗಿದರು. "ಮುಟ್ಟಬಹುದಾ?"

"ಮುಟ್ಟೋದಕ್ಕೆ ಅಡ್ಡಿಯಿಲ್ಲ ಮೇಡಂ. ಚುಚ್ಚೋದಕ್ಕೆ ಮಾತ್ರ ರಜೆ."

ಹೆಬ್ಬೆರಳ ಕೆಳಗೆ ನಾಳ ಹಗ್ಗದ ಹಾಗೆ ಉಬ್ಬಿ ಬಂತು. ಸೂಜಿಯಿಲ್ಲದ ಕೈ ನಡುಗಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಮಿಕ್ಕವರೆಲ್ಲ ಬೇರೆ ಐದು ಆಡುಗಳ ಪಕ್ಕದಲ್ಲಿ ಕೂತು, ಬರೀ ಬೆರಳಿನಿಂದ ನಾಳ ಹುಡುಕಿದರು. ಒಬ್ಬ ತೋರಿಸಿದ್ದು ಆಡಿನ ಗಂಟಲ ಕೊಳವೆಯನ್ನು. ಗುರುವಾರ ಕಿಸಕ್ಕೆಂದಿದ್ದವನು ಅವನೇ.

ಹೊರಡುವಾಗ ಅಧ್ಯಕ್ಷೆ ಹೊಗಳಲೂ ಇಲ್ಲ, ಬೈಯಲೂ ಇಲ್ಲ. ಹುಡುಗಿಯನ್ನು ಈ ಸಲದ ಪರೀಕ್ಷೆಗೆ ಕೂರಿಸುವಂತಿಲ್ಲ ಅಂದರು. ಮುಖ್ಯಸ್ಥರ ಕಡೆ ತಿರುಗಿ, "ಹದಿನೈದು ದಿನಕ್ಕೊಮ್ಮೆ ಈ ಪುಸ್ತಕದ ಪ್ರತಿ ನಮಗೆ ಬರಬೇಕು. ಇದೇ ಕೈಬರಹದಲ್ಲಿ. ಬರದೆ ಇದ್ರೆ ಇಲ್ಲಿ ಪ್ರಾಣಿಗಳ ಮೇಲೆ ಪಾಠ ಇಲ್ಲ," ಅಂದರು. ಅಷ್ಟು ಹೇಳಿ ಕಾರು ಹತ್ತಿದರು.

ಕಾರು ಗೇಟು ದಾಟುವ ತನಕ ಅಡ್ಜಸ್ಟ್ ಸಾರ್ ಕೈ ಬೀಸಿದರು. ಆಮೇಲೆ ಆ ಕೈಯನ್ನೇ ರಜೆಯಮ್ಮನ ಮುಂದೆ ಚಾಚಿದರು. ಅವರಿಗೆ ಅವಮಾನವಾಗಿತ್ತು. ಅವಮಾನವಾದ ಮನುಷ್ಯನಿಗೆ ಕೊನೆಯ ಮಾತು ಕಿವಿಗೆ ಬಿದ್ದಿರುವುದಿಲ್ಲ.

"ಬೀಗದ ಕೈ ಕೊಡಿ. ಇವತ್ತಿಂದ ನಿಮಗೆ ರಜೆ."

"ಎಷ್ಟು ದಿನ ಸಾರ್?"

"ಮುಂದಿನ ಆದೇಶದ ತನಕ."

"ತಾರೀಖಿಲ್ಲದ ರಜೆ ಈ ಕಟ್ಟಡದಲ್ಲಿ ಇಲ್ಲ ಸಾರ್. ಆಡಿಗೂ ತಾರೀಖಿದೆ."

ಗೊಂಚಲನ್ನು ಅವರ ಕೈಗೆ ಹಾಕಿದಳು. ತನ್ನ ಮೇಜಿನ ಡ್ರಾಯರಿನಿಂದ ರಟ್ಟು ತೆಗೆದು ಕತ್ತರಿಸಿ, ಬಣ್ಣದ ಕಾಗದ ಅಂಟಿಸಿ, ಏಳನೆಯ ಕಾರ್ಡು ಮಾಡಿದಳು. ಕೆಂಪು ಮುಖದ ಮೇಲೆ ಹದಿನಾಲ್ಕು ದಿನ ಎಣಿಸಿ ತಾರೀಖು ಬರೆದು, ತನ್ನ ಕೋಣೆಯ ಬಾಗಿಲಿಗೆ ತೂಗುಹಾಕಿದಳು. "ಇದನ್ನ ಯಾರೂ ತಿರುಗಿಸಬಾರದು," ಎಂದು ಹೇಳಿ ಹೊರಟುಹೋದಳು.

ಹದಿನೈದನೆಯ ದಿನ ಬೆಳಗ್ಗೆ ಆಕೆ ಗಂಡನ ಬಸ್ಸು ಹತ್ತಿದಳು. ಆತ ಟಿಕೆಟ್ ಹರಿದು ಕೊಟ್ಟ. ಬಾ ಎಂದು ಯಾರೂ ಹೇಳಿರಲಿಲ್ಲ, ಬರಬೇಡ ಎಂದೂ ಹೇಳಿರಲಿಲ್ಲ. ಮಗಳು ಪಕ್ಕದಲ್ಲಿ ಕೂತಿದ್ದಳು. ಪರೀಕ್ಷೆಗೆ ಕೂರುವ ಅವಕಾಶ ತಪ್ಪಿದ ಮೇಲೆ ಅವಳು ದಿನಾ ಬೆಳಗ್ಗೆ ಹೋಗಿ ದೊಡ್ಡಪ್ಪನ ಜೊತೆ ಸಾಧಮ್ಮನಿಗೆ ತಣ್ಣೀರ ಬಟ್ಟೆ ಒತ್ತಿ ಬರುತ್ತಿದ್ದಳು. ಅಮ್ಮನ ಜೊತೆ ಮಾತು ಶುರುವಾಗಿತ್ತು, ನಗು ಇನ್ನೂ ಬಂದಿರಲಿಲ್ಲ.

ಕೋಣೆಯ ಬಾಗಿಲಲ್ಲಿ ಅಡ್ಜಸ್ಟ್ ಸಾರ್ ಕಾಯುತ್ತಿದ್ದರು. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಒಂದು ಕಾಗದ. ಕಾಗದದ ಕೆಳಗೆ ಹಸಿರು ಶಾಯಿಯ ಸಹಿ ಆಕೆಗೆ ದೂರದಿಂದಲೇ ಕಂಡಿತು. ಕಾರ್ಡು ಮಾತ್ರ ಹಾಗೇ ಇತ್ತು, ಕೆಂಪಗೆ.

"ಇವತ್ತು ಪ್ರತಿ ಕಳಿಸಬೇಕು," ಅಂದರು. "ಹದಿನಾಲ್ಕು ದಿನ ಖಾಲಿ ಇದೆ. ನಿಮ್ಮ ಕೈಬರಹ ಬೇಕು. ಕೂತು ತುಂಬಿಸಿಬಿಡಿ, ದಿನಾ ಬರ್ತಿದ್ದ ಹಾಗೆ. ಇಗೋ, ನಿಮ್ಮ ಮುಂದುವರಿಕೆ, ಸಹಿ ಹಾಕಿದೀನಿ. ಸ್ವಲ್ಪ..." ಮುಂದಿನ ಮಾತನ್ನು ಅವರೇ ನುಂಗಿಕೊಂಡರು.

ಆಕೆ ಪುಸ್ತಕ ತೆಗೆದುಕೊಂಡಳು, ಕಾಗದವನ್ನು ಮುಟ್ಟಲಿಲ್ಲ. "ದೊಡ್ಡಪ್ಪ," ಎಂದು ಕೂಗಿದಳು. "ಇಷ್ಟು ದಿನ ಆಡುಗಳ ಕುತ್ತಿಗೆ ಯಾರು ನೋಡಿದ್ರು?"

ಮುದುಕನಿಗೆ ಇದು ಚೆನ್ನಾಗಿ ಕೇಳಿಸಿತು. ಕೊಟ್ಟಿಗೆಯ ಹೊರಗೋಡೆ ತೋರಿಸಿದ. ಅಕ್ಷರ ಬಾರದ ಆತ ಇದ್ದಿಲಿನಲ್ಲಿ ಆರು ಸಾಲು ಎಳೆದಿದ್ದ, ಸಾಲಿಗೆ ಹದಿನಾಲ್ಕು ಗೆರೆ. ಸಾಧಮ್ಮನ ಸಾಲಿನಲ್ಲಿ ಮೊದಲ ಐದು ಗೆರೆಗಳ ಪಕ್ಕ ಒಂದೊಂದು ಸೊನ್ನೆ, ಊತ ಇದ್ದ ದಿನಗಳು. ಸೊನ್ನೆ ಬರಬರುತ್ತ ಚಿಕ್ಕದಾಗಿತ್ತು. "ಕಾರ್ಡು ತಿರುಗಿಸು ಅಂತ ಸಾಹೇಬ್ರು ಎರಡು ಸಲ ಬಂದಿದ್ರಮ್ಮಾ," ಅಂದ. "ನನಗೆ ಕಿವಿ ಕೇಳಲ್ವಲ್ಲ."

ರಜೆಯಮ್ಮ ನಿಂತಲ್ಲೇ ಪುಸ್ತಕವನ್ನು ಗೋಡೆಗೆ ಆನಿಸಿ ಬರೆದಳು. ಬರೆಯುವಾಗ ಪ್ರತಿ ಮಾತನ್ನೂ ಗಟ್ಟಿಯಾಗಿ ಓದಿದಳು: "ಈ ಹದಿನಾಲ್ಕು ದಿನ ವ್ಯವಸ್ಥಾಪಕಿ ಇಲ್ಲಿರಲಿಲ್ಲ. ಮುಖ್ಯಸ್ಥರು ಹೊರಗಿಟ್ಟಿದ್ದರು. ಕುತ್ತಿಗೆ ನೋಡಿದವರು ಕೊಟ್ಟಿಗೆಯ ದೊಡ್ಡಪ್ಪ. ಗೋಡೆಯ ಗೆರೆಗಳನ್ನು ಇದರ ಕೆಳಗೆ ಹಾಗೇ ಇಳಿಸಿದೆ." ಗೆರೆಗಳನ್ನೂ ಸೊನ್ನೆಗಳನ್ನೂ ಒಂದೂ ಬಿಡದೆ ಇಳಿಸಿದಳು. ಆಮೇಲೆ ಪೆನ್ನನ್ನು ಮುಖ್ಯಸ್ಥರ ಮುಂದೆ ಹಿಡಿದಳು.

"ಕೆಳಗೆ ಸಹಿ ಹಾಕಿ ಸಾರ್. ನನ್ನ ಕೈಬರಹ ಬೇಕು ಅಂದ್ರಲ್ಲ, ಇದೇ ನನ್ನ ಕೈಬರಹ."

ಅವರು ಕೈಯಲ್ಲಿದ್ದ ಕಾಗದ ನೋಡಿದರು, ಪುಸ್ತಕ ನೋಡಿದರು. ಹತ್ತು ಗಂಟೆಗೆ ತರಗತಿಯಿತ್ತು. ಆರೂ ಆಡುಗಳ ರಜೆ ಅಷ್ಟರಲ್ಲಿ ಮುಗಿದಿತ್ತು. ಪ್ರತಿ ಹೋಗದಿದ್ದರೆ ತರಗತಿ ಇಲ್ಲ. ಪೆನ್ನು ತೆಗೆದುಕೊಂಡು ಸಹಿ ಹಾಕಿದರು. ಮುಂದುವರಿಕೆಯ ಕಾಗದ ನಾಲ್ಕು ಮಡಿಕೆಯಾಗಿ ಅವರ ಜೇಬಿಗೆ ವಾಪಸ್ಸು ಹೋಯಿತು. ಅದು ಹೋದದ್ದನ್ನು ಆಕೆ ನೋಡಿದಳು. ತನ್ನ ಕೆಲಸಕ್ಕೆ ಇನ್ನು ಹೆಚ್ಚು ದಿನ ಉಳಿದಿಲ್ಲ ಎಂದು ಆಕೆಗೆ ಗೊತ್ತಿತ್ತು. ಆದರೂ ಕಾಗದ ಕೇಳಲಿಲ್ಲ.

ಏಳನೆಯ ಕಾರ್ಡನ್ನು ತಾನೇ ಹಸಿರಿಗೆ ತಿರುಗಿಸಿದಳು. ಬೂಟು ಅದ್ದಿದಳು. ಹಿಂದೆ ಬಂದ ಮಗಳೂ ಅದ್ದಿದಳು. ಸಾಧಮ್ಮ ಗೇಟಿನ ಮೇಲೆ ಕುತ್ತಿಗೆ ಇಟ್ಟು ಕಾಯುತ್ತಿತ್ತು, ಈ ಸಲ ಹಿಂದೆ ಸರಿಯಲಿಲ್ಲ.